ಖರ್ಜೂರಕ್ಕಿದ್ದ ಗಾಳಿ

ಬಲ್ಕೀಸ್ ಹೋಗಿ ಸೇರಿಕೊಳ್ಳುವ ಮೊದಲು ಆ ಕೋಣೆಯಲ್ಲಿ ಖರ್ಜೂರ ಇತ್ತು. ಅವಳ ತಂದೆಯ ಕಾಲದಲ್ಲಿ ನದಿಯಾಚೆಯ ತೋಟದಿಂದ ಬುಟ್ಟಿಗಟ್ಟಲೆ ಬರುತ್ತಿದ್ದ ಹಣ್ಣು. ತೋಟ ಯುದ್ಧದಲ್ಲಿ ಸುಟ್ಟುಹೋದ ಮೇಲೆ ಅಂಗಡಿಯ ಡಬ್ಬಿಗಳು. ಜೊತೆಗೆ ಅಕ್ಕಿಮೂಟೆ, ಮೊಹರಂಗೆ ಗೋಧಿ-ಮಾಂಸದ ಹರೀಸ ಬೇಯಿಸುವ ದೊಡ್ಡ ಹಂಡೆ, ಕಾಲು ಮುರಿದ ತೊಟ್ಟಿಲು. ಅಡುಗೆಮನೆಯಿಂದ ಎರಡು ಮೆಟ್ಟಿಲಿಳಿದರೆ ಸಿಗುವ, ಒಂದು ಮಂಚ ಒಂದು ಕುರ್ಚಿ ಹಿಡಿಸುವಷ್ಟು ಜಾಗ. ಕಿಟಕಿ ಇಲ್ಲ. ಪಕ್ಕದ ಮನೆಯ ಅಂಗಳಕ್ಕೆ ಅಂಟಿದ ಗೋಡೆಯಲ್ಲಿ, ಮಾಡಿಗೆ ತೀರ ಹತ್ತಿರ, ತೂತುಬಿಟ್ಟ ಇಟ್ಟಿಗೆಗಳ ಒಂದು ಸಾಲಿತ್ತು. ಹಣ್ಣು ಬೆವರಬಾರದೆಂದು ಅಪ್ಪ ಇಡಿಸಿದ್ದು.

ತಮ್ಮನ ಮಗ ರಾಫಿದನ ಮದುವೆ ಮೊಹರಂ ಬರುವುದರೊಳಗೆ ಮುಗಿಯಬೇಕಿತ್ತು. ಬಂದರೆ ಶೋಕದ ಎರಡು ತಿಂಗಳು ಬಸ್ರಾದಲ್ಲಿ ಯಾರೂ ಮದುವೆ ಮಾಡುವಂತಿಲ್ಲ. ಹೊಸ ಜೋಡಿಗೆ ಕೊಡಬಹುದಾದ ಕೋಣೆ ಮನೆಯಲ್ಲಿ ಒಂದೇ: ಮಹಡಿಯ ಮೇಲೆ ಬೀದಿಗೆ ಕಿಟಕಿಯಿದ್ದ, ಬಲ್ಕೀಸ್ ಓದಿ, ಕೆಲಸಕ್ಕೆ ಸೇರಿ, ಹೆಣ್ಣುಮಕ್ಕಳ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾಗುವವರೆಗೂ ಇದ್ದ ಕೋಣೆ.

ತಮ್ಮ ಜಬ್ಬಾರ್ ಮಾತು ತೆಗೆದದ್ದು ಊಟದ ಹೊತ್ತಿಗೆ, ಮೀನಿನ ಮುಳ್ಳು ಬಿಡಿಸುತ್ತ.

"ಅಕ್ಕ, ಹತ್ತೋದು ಇಳಿಯೋದು ನಿನ್ನ ಮಂಡಿಗೆ ಆಗಲ್ಲ ಅಲ್ವಾ?"

"ನನ್ನ ಮಂಡಿ ನಿನ್ನ ಹತ್ರ ದೂರು ಹೇಳಿತಾ?"

"ಕೆಳಗಿನ ಕೋಣೆ ಸರಿ ಮಾಡಿಸ್ತೀನಿ. ಸುಣ್ಣ ಹೊಡಿಸಿ, ಹೊಸ ಏಸಿ ಹಾಕಿಸಿ. ಈ ಮನೇಲಿ ನಿನ್ನಷ್ಟು ತಣ್ಣಗೆ ಯಾರೂ ಮಲಗಿರಬಾರದು."

ಮನೆಯಲ್ಲಿ ಅವಳಿಗೂ ಪಾಲಿತ್ತು. ಆದರೆ ಪಾಲು ಕೇಳಿದ ಅಕ್ಕತಂಗಿಯರನ್ನು ಜನ ಮನೆ ಮುರಿದವರೆಂದು ಕರೆಯುತ್ತಿದ್ದರು. ಬಲ್ಕೀಸ್ ಮೀನಿನ ತಲೆಯನ್ನು ತಾಯಿಯ ತಟ್ಟೆಗೆ ಹಾಕಿ, ಆಗಲಿ ಎಂದಳು. ಮನೆಮಂದಿಯೆಲ್ಲ ಬೀಬಿ ಎಂದು ಕರೆಯುವ ಆ ತಾಯಿಗೆ ಕಣ್ಣು ಮಂಜು, ಕಿವಿ ಚುರುಕು. "ಅಂತೂ ಖರ್ಜೂರದ ಕೋಣೆಗೆ ಹೋದೆ. ಹುಳ ಬೀಳದ ಹಾಗೆ ನೋಡ್ಕೊ" ಎಂದಳು ಅವಳು.

ಏಸಿ ಬಂತು. ಹೊರಗಿನ ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಕೂರಿಸಿದರು. ಅದೇ ಸಂಜೆ ಪಕ್ಕದ ಮನೆಯ ಹಾಜಿ ಮುತಶ್ಶರ್ ಚಹಕ್ಕೆ ಬಂದ. ಸಕ್ಕರೆ ಕಲಕುತ್ತ ಕಲಕುತ್ತ, ಗೋಡೆಯ ತೂತುಗಳ ಮಾತಿಗೆ ಬಂದ.

"ಖರ್ಜೂರಕ್ಕೆ ಕಣ್ಣಿರಲಿಲ್ಲ, ಅಬೂ ರಾಫಿದ್" ಎಂದ, ಜಬ್ಬಾರನನ್ನು ಊರ ವಾಡಿಕೆಯಂತೆ ರಾಫಿದನ ಅಪ್ಪ ಎಂದು ಕರೆದು. "ನಮ್ಮ ಅಂಗಳದಲ್ಲಿ ಹೆಣ್ಣುಮಕ್ಕಳು ತಲೆ ಬಿಚ್ಕೊಂಡು ಓಡಾಡ್ತಾರೆ."

"ಅಲ್ಲಿರೋದು ನಮ್ಮಕ್ಕ, ಹಾಜಿ."

"ಇವತ್ತು ನಿಮ್ಮಕ್ಕ. ನಾಳೆ ಇನ್ಯಾರೋ."

ಅಡುಗೆಮನೆಯಿಂದಲೇ ಬಲ್ಕೀಸ್, ಆ ತೂತಿನಲ್ಲಿ ಇಣುಕಬೇಕಾದರೆ ಏಣಿ ಬೇಕು ಎಂದಳು. ಏಣಿ ಎಲ್ಲರ ಮನೆಯಲ್ಲೂ ಇರುತ್ತದಲ್ಲ ಎಂದ ಹಾಜಿ, ನಯವಾಗಿಯೇ. ಅವನು ಚಪ್ಪಲಿ ಮೆಟ್ಟಿ ಹೊರಟ ಮೇಲೆ ಜಬ್ಬಾರ್ ಫೋಮಿನ ಡಬ್ಬಿ ತಂದು ಇಟ್ಟಿಗೆಯ ತೂತುಗಳಿಗೆಲ್ಲ ಸಿಂಪಡಿಸಿದ. ಹಳದಿ ನೊರೆ ಉಬ್ಬಿ, ಗಟ್ಟಿಯಾಯಿತು. ಕೈಯಲ್ಲಿ ಡಬ್ಬಿ ಇದ್ದೇ ಇತ್ತಲ್ಲ, ಬಾಗಿಲ ಚೌಕಟ್ಟಿನ ಸಂದುಗಳಿಗೂ ಸಿಂಪಡಿಸಿದ. ಹೊಸ್ತಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆದ. ತಣ್ಣನೆಯದು ಒಂದು ಚೂರೂ ಹೊರಗೆ ಸೋರಬಾರದು ಎಂಬುದು ಅವನ ಲೆಕ್ಕ.

"ಗಾಳಿ ಎಲ್ಲಿಂದ ಬರುತ್ತೆ, ಜಬ್ಬಾರ್?"

"ಯಂತ್ರದಿಂದ."

"ಆ ಯಂತ್ರ ಹೊರಗಿನ ಗಾಳಿ ತರಲ್ಲಪ್ಪ. ಕೋಣೆಯಲ್ಲಿ ಇರೋದನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅಲ್ಲಿಗೇ ಬಿಡುತ್ತೆ."

"ಹಾಗಾದ್ರೆ ಮಾಳಿಗೆ ಮೇಲೆ ಅಷ್ಟು ದೊಡ್ಡ ಪೆಟ್ಟಿಗೆ ಕೂತು ಏನ್ ಮಾಡ್ತಿದೆ? ನಮಾಜಾ?"

ಬೀಬಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಜಬ್ಬಾರನ ಹೆಂಡತಿ ಫಕ್ರಿಯಾ ನಕ್ಕಳು. ಅವರದ್ದು ತಪ್ಪಲ್ಲ ಎಂದು ಬಲ್ಕೀಸ್‌ಗೂ ಗೊತ್ತಿತ್ತು. ಆ ಊರಿನವರೆಲ್ಲ ಒದ್ದೆ ಹುಲ್ಲಿನ ಕೂಲರಿನ ಮುಂದೆ ಮಲಗಿ ಬೆಳೆದವರು. ಅದು ಕಿಟಕಿಯಲ್ಲಿ ಕೂತು ಹೊರಗಿನ ಬಿಸಿಗಾಳಿಯನ್ನು ನೀರಿನ ಮೂಲಕ ಒಳಗೆಳೆಯುತ್ತಿತ್ತು. ಪೆಟ್ಟಿಗೆ ಹೊರಗಿದ್ದರೆ ಗಾಳಿಯೂ ಹೊರಗಿನದೇ ಎಂಬುದು ಅವರಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಹಳೆಯದಕ್ಕೆ ಅದು ನಿಜವೂ ಆಗಿತ್ತು.

ಮದುವೆಯಾಯಿತು. ಸೊಸೆ ಹನೀನ್ ಬಂದಳು, ತೆಳ್ಳನೆ ಹುಡುಗಿ, ಶಿಕ್ಷಕರ ತರಬೇತಿಯನ್ನು ಅರ್ಧಕ್ಕೆ ಬಿಟ್ಟವಳು. ಒಂದು ವಾರ ಮೇಲಿನ ಕೋಣೆಯಿಂದ ನಗು ಕೇಳಿಸಿತು. ತೈಲಬಾವಿಯ ಕೆಲಸದ ಪಾಳಿಗೆ ಹೋಗುವ ಮುನ್ನ ರಾಫಿದ್ ಬೀದಿಯ ಕಿಟಕಿಗೆ ರಟ್ಟು ಬಡಿದು, ಸಂದುಗಳಿಗೆ ಅಪ್ಪನ ಡಬ್ಬಿಯಲ್ಲಿ ಉಳಿದಿದ್ದ ಫೋಮ್ ತುಂಬಿದ. ಧೂಳು, ಬಿಸಿಲು, ಎದುರು ಮಹಡಿಯ ಹುಡುಗರು: ಕಾರಣ ಮೂರು ಹೇಳಿದ. ಬಲ್ಕೀಸ್ ಮೆಟ್ಟಿಲ ಕೆಳಗೆ ನಿಂತು ಸುತ್ತಿಗೆಯ ಸದ್ದು ಕೇಳಿದಳು. ಆ ಕಿಟಕಿಯ ಹಲಗೆಯಲ್ಲಿ ಅವಳು ತುಳಸಿಯಂಥ ರೈಹಾನ್ ಗಿಡ ಬೆಳೆಸಿದ್ದಳು.

ಅವಳಿಗೆ ಬೆಳಗಾದರೆ ತಲೆ ಭಾರ. ಅತ್ತು ಮಲಗಿದವರಿಗೆ ಆಗುವಂಥ ಭಾರ. ಬಾಗಿಲು ತೆರೆದಿಟ್ಟರೆ ಅಡುಗೆಮನೆಯ ಒಲೆಯ ಬಿಸಿ, ಹುರಿದ ಈರುಳ್ಳಿಯ ಹೊಗೆ ನುಗ್ಗುತ್ತಿತ್ತು, ಜೊತೆಗೆ ಜಬ್ಬಾರನ ಕೂಗು, "ಅಕ್ಕ, ತಣ್ಣನೆದು ಹೋಗ್ತಿದೆ." ಮುಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಉಸಿರು ಎದೆಯ ಮೇಲ್ಭಾಗಕ್ಕಷ್ಟೇ ಬರುತ್ತಿತ್ತು. ಹೇಳಿದರೆ ಫಕ್ರಿಯಾ ಬೆಂಡೆಕಾಯಿಯ ತೊಟ್ಟು ಕತ್ತರಿಸುತ್ತ, "ರಿಟೈರಾದ ಟೀಚರ್‌ಗಳಿಗೆಲ್ಲ ಬರೋ ತಲೆನೋವು ಇದು. ಬೈಯೋಕೆ ಹುಡುಗೀರು ಸಿಗಲ್ಲ ನೋಡಿ" ಎಂದಳು.

ಮದುವೆಗೆ ತಂದ ಸುಣ್ಣದಲ್ಲಿ ಅರ್ಧ ಚೀಲ ಉಳಿದಿತ್ತು. ಬಲ್ಕೀಸ್ ಒಂದು ಹಿಡಿ ತೆಗೆದು, ನಲ್ಲಿಯ ಉಪ್ಪುನೀರು ಬೇಡವೆಂದು ಕೊಂಡ ನೀರಿನಲ್ಲಿ ಕಲಸಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಎರಡು ಗಾಜಿನ ಬಟ್ಟಲಿಗೆ ಸೋಸಿದಳು. ಒಂದನ್ನು ಅಂಗಳದ ನೆರಳಿನಲ್ಲಿ, ಇನ್ನೊಂದನ್ನು ತನ್ನ ಕುರ್ಚಿಯ ಮೇಲೆ ಇಟ್ಟಳು. ಮಧ್ಯಾಹ್ನದ ನಿದ್ದೆ ಮುಗಿಸಿ ಎಲ್ಲರೂ ಚಹಕ್ಕೆ ಕೂತಾಗ ಎರಡನ್ನೂ ತಟ್ಟೆಯಲ್ಲಿಟ್ಟು ತಂದಳು. ಅಂಗಳದ್ದರಲ್ಲಿ ಇದೆಯೋ ಇಲ್ಲವೋ ಎಂಬಂಥ ಪೊರೆ. ಕೋಣೆಯದ್ದರಲ್ಲಿ ದಪ್ಪ ಬಿಳಿಯ ಕೆನೆ.

"ನಾವು ಬಿಟ್ಟ ಉಸಿರು ಸುಣ್ಣದ ನೀರಿಗೆ ತಾಗಿದರೆ ಹೀಗಾಗುತ್ತೆ" ಎಂದಳು. "ನಾನು ಬಿಟ್ಟ ಉಸಿರು ಹೊರಗೆ ಹೋಗ್ತಿಲ್ಲ. ಅದನ್ನೇ ಮತ್ತೆ ಎಳ್ಕೊಳ್ತಿದೀನಿ."

"ಸುಣ್ಣದ ನೀರು ಕೆನೆ ಕಟ್ಟದೆ ಮೊಸರು ಕಟ್ಟುತ್ತಾ, ಟೀಚರ್?" ಎಂದಳು ಫಕ್ರಿಯಾ.

ಜಬ್ಬಾರ್ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. "ಹಾಜಿ ಮುತಶ್ಶರ್‌ಗೆ ಇದನ್ನ ತೋರಿಸಿ ಏನು ಹೇಳ್ಲಿ?" ಎಂದು ಕೆಳಗಿಟ್ಟ.

ಬೀಬಿ ಮೂಸಿ ನೋಡಿ, ದೃಷ್ಟಿ ತಾಗಿದ ನೀರು, ಮನೆಯೊಳಗಿಡಬೇಡ, ಚೆಲ್ಲು ಎಂದಳು.

ಅದೇ ಹೊತ್ತಿಗೆ ಮೇಲೆ ಹನೀನ್‌ಗೂ ತಲೆನೋವು ಶುರುವಾಗಿತ್ತು. ಬೆಳಗ್ಗೆ ಮುಖ ಬಿಳುಚಿಕೊಂಡು ಇಳಿಯುತ್ತಿದ್ದಳು. ಒಂದು ದಿನ ಮೀನು ಹುರಿಯುವ ವಾಸನೆಗೆ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಫಕ್ರಿಯಾ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಒಲೆ ಆರಿಸಿದಳು. ಸಂಜೆಯ ಹೊತ್ತಿಗೆ ಬೀದಿಯ ಅರ್ಧಕ್ಕೆ ಸುದ್ದಿ ಮುಟ್ಟಿತ್ತು. ಔಷಧಿ ಅಂಗಡಿಯಿಂದ ಬಸಿರಿನ ಪರೀಕ್ಷೆಯ ಪಟ್ಟಿ ತರೋಣವೇ ಎಂದು ಬಲ್ಕೀಸ್ ಕೇಳಿದ್ದಕ್ಕೆ, "ನಾಲ್ಕು ಹೆತ್ತವಳಿಗೆ ಪಟ್ಟಿ ಬೇಕಾ?" ಎಂದಳು ಫಕ್ರಿಯಾ.

ಹನೀನಳ ತಟ್ಟೆಗೆ ಕುರಿಯ ಯಕೃತ್ತು ಬಂತು, ನುಣ್ಣಗೆ ಅರೆದ ಎಳ್ಳಿನಲ್ಲಿ ಕಲಸಿದ ಖರ್ಜೂರದ ಪಾಕ ಬಂತು. ಖರ್ಜೂರದ ಕೋಣೆಯಿಂದ ಮಾಳಿಗೆಗೆ ಹಾಕಿದ್ದ ತೊಟ್ಟಿಲು ಬಡಗಿಯ ಹತ್ತಿರ ಹೋಗಿ ಹೊಸ ಕಾಲಿನೊಂದಿಗೆ ಬಂತು. ಫಕ್ರಿಯಾ ಕೂತು ಹಸಿರು ಬಣ್ಣ ಬಳಿದಳು. ಆಮೇಲೆ ವಿದ್ಯುತ್ತಿನ ಮಾತು ಬಂತು. ಮಧ್ಯಾಹ್ನ ಸರ್ಕಾರದ ಕರೆಂಟು ಹೋಗಿ ಬೀದಿಯ ಜನರೇಟರಿನದು ಬಂದಾಗ ಮನೆಯಲ್ಲಿ ಎರಡೇ ಏಸಿ ನಡೆಯುತ್ತಿದ್ದವು. ಮೂರನೆಯದು ಹಾಕಿದರೆ ಎಲ್ಲವೂ ಆರಿಹೋಗುತ್ತಿತ್ತು. ಒಂದು ಮುಂದಿನ ಕೋಣೆಯದು. ಅಲ್ಲಿ ಜಬ್ಬಾರ್, ಫಕ್ರಿಯಾ, ಬೀಬಿ ಮಲಗುತ್ತಿದ್ದರು. ಇನ್ನೊಂದನ್ನು ಇದುವರೆಗೆ ದಿನ ಬಿಟ್ಟು ದಿನ ಹಂಚಿಕೊಳ್ಳುತ್ತಿದ್ದರು, ಒಂದು ದಿನ ಹನೀನ್‌ಗೆ, ಒಂದು ದಿನ ಬಲ್ಕೀಸ್‌ಗೆ. ಇನ್ನು ಮೇಲೆ ದಿನವೂ ಹನೀನ್‌ಗೇ ಎಂದು ಜಬ್ಬಾರ್ ತೀರ್ಮಾನಿಸಿದ. ಬಲ್ಕೀಸ್ ಬೇಕಾದರೆ ಮುಂದಿನ ಕೋಣೆಗೆ ಬರಲಿ ಎಂದ. ಅವಳು ಒಂದು ದಿನ ಹೋದಳು. ತಮ್ಮ ಬನಿಯನ್ನಿನಲ್ಲಿ ಮಲಗಿದ್ದ, ಫಕ್ರಿಯಾ ಕಾಲು ಚಾಚಲಾಗದೆ ಗೋಡೆಗೆ ತಿರುಗಿದಳು. ಮರುದಿನದಿಂದ ಬಲ್ಕೀಸ್ ಅಡುಗೆಮನೆಯ ಮಣೆಯ ಮೇಲೆ, ತೊಳೆದ ಪಾತ್ರೆಗಳ ಪಕ್ಕ ಕೂತಿರುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ಹನೀನ್ ಬರಿಗಾಲಲ್ಲಿ ಇಳಿದು ಬಂದಳು. ನೀರು ಕುಡಿದಳು. ಲೋಟ ತೊಳೆದಳು. ಮತ್ತೆ ತೊಳೆದಳು.

"ದೊಡ್ಡತ್ತೆ, ನಾನು ಮುಟ್ಟಾಗಿ ನಾಲ್ಕು ದಿನ ಆಯ್ತು."

ಬಲ್ಕೀಸ್ ಮುಂದಿನ ಕೋಣೆಯ ಬಾಗಿಲ ಕಡೆ ನೋಡಿದಳು. ಮುಚ್ಚಿತ್ತು.

"ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ನಮಾಜಿನ ಹೊತ್ತಿಗೆ ಅತ್ತೆ ನನ್ನನ್ನೇ ನೋಡ್ತಿರ್ತಾರೆ. ನಮಾಜಿಗೆ ನಿಲ್ಲದೆ ಇದ್ರೆ ಮುಟ್ಟು ಅಂತ ಗೊತ್ತಾಗುತ್ತಲ್ಲ. ಅದಕ್ಕೆ ಮುಟ್ಟಲ್ಲೇ ನಿಂತೆ. ನಾಲ್ಕು ದಿನದಿಂದ ನಿಲ್ತಿದೀನಿ." "ಇದಕ್ಕೆ ನನಗೆ ಕ್ಷಮೆ ಇದೆಯಾ?"

"ಅದು ನಿನಗೂ ದೇವರಿಗೂ ಬಿಟ್ಟದ್ದು. ಮೊದಲ ದಿನವೇ ಇಲ್ಲ ಅಂತ ಯಾಕೆ ಹೇಳಲಿಲ್ಲ?"

"ನಾನು ಹೌದು ಅಂದಿಲ್ಲ, ದೊಡ್ಡತ್ತೆ. ಅವರು ಯಕೃತ್ತು ಕೊಟ್ರು, ತಿಂದೆ."

ಬಲ್ಕೀಸ್‌ಗೆ ನಗು ಬಂತು, ಬರಬಾರದಾಗಿತ್ತು. ಹನೀನಳೂ ಕಣ್ಣೊರೆಸುತ್ತಲೇ ನಕ್ಕಳು. ತಲೆನೋವು ಯಾವಾಗ ಬರುತ್ತದೆ, ಮಾಳಿಗೆಗೆ ಬಟ್ಟೆ ಒಣಹಾಕಲು ಹೋದಾಗ ಏನಾಗುತ್ತದೆ ಎಂದು ಬಲ್ಕೀಸ್ ಒಂದೊಂದಾಗಿ ಕೇಳಿದಳು. ಮಾಳಿಗೆಯ ಮೇಲೆ ಕಮ್ಮಿಯಾಗುತ್ತದೆ ಎಂದಳು ಹುಡುಗಿ. ಬಲ್ಕೀಸ್‌ಗೆ ಇನ್ನು ಸುಣ್ಣದ ನೀರಿನ ಬಟ್ಟಲು ಬೇಕಿರಲಿಲ್ಲ: ಮೇಲಿನ ಕೋಣೆಯದ್ದೂ ಅದೇ ಕಟ್ಟಿದ ಗಾಳಿ.

"ಹೇಳ್ಬೇಡಿ" ಎಂದಳು ಹನೀನ್. "ರಾಫಿದ್‌ಗೆ ಫೋನಲ್ಲಿ ಅತ್ತೆ ಹೇಳಿಬಿಟ್ಟಿದಾರೆ. ಕೇಳಿ ಅವರು ಖುಷಿಗೆ ಅತ್ತರಂತೆ."

ಮೊಹರಂ ಕಳೆಯುವ ಹೊತ್ತಿಗೆ ರಾಫಿದ್ ಪಾಳಿ ಮುಗಿಸಿ ಬಂದ. ಕಡಲ ಕಡೆಯ ಒದ್ದೆಗಾಳಿ ಆಗ ಊರನ್ನು ಹಿಡಿದಿತ್ತು, ಗೋಡೆಗಳೂ ಬೆವರುತ್ತಿದ್ದವು. ಊಟಕ್ಕೆ ಅನ್ನ, ಬೆಂಡೆಕಾಯಿಯ ಸಾರು, ಮಾವಿನ ಅಂಬಾ ಉಪ್ಪಿನಕಾಯಿ. ಜಬ್ಬಾರ್ ಹೊಸ ಮಾತು ತಂದ. ಕೆಳಗಿನ ಏಸಿ ಹೇಗೂ ಮಧ್ಯಾಹ್ನ ಸುಮ್ಮನೆ ಕೂತಿರುತ್ತದೆ. ಅದನ್ನು ಬಿಚ್ಚಿ ಮೇಲೆ, ತೊಟ್ಟಿಲಿಡುವ ಮೂಲೆಗೆ ಹಾಕಿಸಿದರೆ ಹೇಗೆ? ಅಕ್ಕನಿಗೆ ಹಳೆಯ ಕೂಲರ್ ರಿಪೇರಿ ಮಾಡಿಸಿ ಕೊಡೋಣ.

"ಕೂಲರ್‌ಗೆ ಕಿಟಕಿ ಬೇಕು" ಎಂದಳು ಬಲ್ಕೀಸ್.

"ಬಾಗಿಲಲ್ಲಿ ಇಡೋಣ."

"ಮಗು ಬರ್ತಿದೆ, ಅತ್ತೆ" ಎಂದ ರಾಫಿದ್, ತಗ್ಗಿದ ದನಿಯಲ್ಲಿ. ಅವನಿಗೆ ಅಂಕಗಣಿತ ಹೇಳಿಕೊಟ್ಟವಳು ಅವಳೇ.

ಒಂದೇ ಮಾತು ಸಾಕಿತ್ತು. ಅದು ಬಲ್ಕೀಸಳ ನಾಲಿಗೆಯ ತುದಿಯಲ್ಲೇ ಇತ್ತು. ಎದುರಿಗೆ ಹನೀನಳ ಕೈ ಅನ್ನದ ಮೇಲೆ ನಿಂತುಬಿಟ್ಟಿತ್ತು. ಬೆರಳುಗಳಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಮಗು ಬರ್ತಿದ್ರೆ ಮೊದಲು ಮೇಲಿನ ಕೋಣೆಗೆ ಗಾಳಿ ಬರ್ಲಿ" ಎಂದಳು ಬಲ್ಕೀಸ್. "ಬಸುರಿಯನ್ನ ಮುಚ್ಚಿದ ಡಬ್ಬೀಲಿ ಇಡ್ತಾರಾ ಯಾರಾದ್ರೂ? ಕಿಟಕಿ ಬೇಡ ಅಂದ್ರೆ ಗೋಡೆ ಕೊರೆಸಿ, ಗಾಳಿ ಹೊರಗೆ ತಳ್ಳೋ ಫ್ಯಾನು ಹಾಕ್ಸು. ಬಾಗಿಲ ಕೆಳಗೆ ಸಂದಿ ಬಿಡು. ಆ ತಲೆನೋವಿಗೆ ಅದೇ ಮದ್ದು."

ಫಕ್ರಿಯಾ ಬಾಯಿ ತೆರೆದಳು. ಆದರೆ ಬೀಬಿ ಅವಳಿಗಿಂತ ಮುಂಚೆ, "ನಿಮ್ಮನ್ನೆಲ್ಲ ನಾನು ಮಾಳಿಗೆ ಮೇಲೆ ಮಲಗಿ ಹೊತ್ತೆ. ಯಾರು ಸತ್ರು?" ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಗೋಡೆ ಕೊರೆಯುವವನು ಬಂದ ದಿನ, ಯಂತ್ರ ಮನೆಗೆ ಬಂದಿದೆಯಲ್ಲ, ಕೆಳಗೂ ಒಂದು ತೂತು ಕೊರೆಸು ಎಂದು ಬಲ್ಕೀಸ್ ಕೇಳಿದಳು. ಜಬ್ಬಾರ್ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ಆ ಗೋಡೆ ನೋಡಿದ.

"ಅದರಾಚೆ ಮುತಶ್ಶರ್ ಹೆಣ್ಣುಮಕ್ಕಳಿದಾರೆ, ಅಕ್ಕ. ನಾನು ದಿನ ಬೆಳಗಾದ್ರೆ ಅವನ ಮುಖ ನೋಡಬೇಕು."

"ನನ್ನ ಮುಖ?"

"ನೀನು ಮನೆಯವಳು" ಎಂದ ಅವನು. ಏಸಿಯನ್ನು ಮಾತ್ರ ಬಿಚ್ಚಿಸಲಿಲ್ಲ.

ಮೇಲಿನ ಫ್ಯಾನು ತಿರುಗಿತು. ಒಂದು ವಾರದಲ್ಲಿ ಹನೀನಳ ಕೆನ್ನೆಗೆ ಬಣ್ಣ ಬಂತು. ತಲೆನೋವು ಹೋಯಿತು, ವಾಕರಿಕೆ ಹೋಯಿತು. ಒಂದು ಮಧ್ಯಾಹ್ನ ಅವಳು ಹುರಿದ ಮೀನನ್ನು ಬಾಣಲೆಯಿಂದಲೇ ಎತ್ತಿ ತಿಂದಳು, ಎರಡು ತುಂಡು. ರಾಫಿದ್ ಸಂತೋಷದಿಂದ ನೋಡಿದ. ಬಲ್ಕೀಸ್‌ಗೂ, ತಾನು ಹೇಳಿದ್ದು ಒಂದು ಸಲವಾದರೂ ಕಣ್ಣಿಗೆ ಕಾಣುವಂತಾಯಿತಲ್ಲ ಎಂದು ಹಿತವಾಯಿತು. ಫಕ್ರಿಯಾ ಮಾತ್ರ ಸೌಟು ಹಿಡಿದು ನಿಂತೇ ಇದ್ದಳು, ಮೊದಲ ಸಲದ ಹಾಗೆಯೇ.

"ವಾಕರಿಕೆ ಇಲ್ವಾ?"

"ಇಲ್ಲ ಅತ್ತೆ."

"ಎಷ್ಟು ದಿನದಿಂದ?"

ಮರುದಿನವೇ ಫಕ್ರಿಯಾ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಹನೀನ್ ಹೊರಡುವ ಮುನ್ನ ಅಬಾಯಾ ಹೊದೆಯುವ ನೆಪದಲ್ಲಿ ಕೆಳಗಿನ ಕೋಣೆಗೆ ಬಂದು ಬಲ್ಕೀಸಳ ಕೈ ಹಿಡಿದಳು.

"ಹೇಳಿಬಿಡು" ಎಂದಳು ಬಲ್ಕೀಸ್. "ದಾರಿಯಲ್ಲೇ ಹೇಳಿಬಿಡು."

"ಇರಲೇ ಇಲ್ಲ ಅಂದ್ರೆ ಸುಳ್ಳಿ ಅಂತಾರೆ. ಹೋಯ್ತು ಅಂದ್ರೆ ಅಯ್ಯೋ ಪಾಪ ಅಂತಾರೆ" ಎಂದಳು ಹುಡುಗಿ. ಅದನ್ನು ಅವಳು ಮೊದಲೇ ಯೋಚಿಸಿಟ್ಟಿದ್ದಂತಿತ್ತು.

ಹಿಂದಿರುಗಿದಾಗ ಫಕ್ರಿಯಾ ಅಬಾಯಾ ಬಿಚ್ಚದೆ ಅಡುಗೆಮನೆಯ ನಡುವೆ ಕೂತಳು. ಡಾಕ್ಟರಮ್ಮ ಯಂತ್ರವಿಟ್ಟು ನೋಡಿದಳಂತೆ. ಹೊಟ್ಟೆಯಲ್ಲಿ ಮಗು ಇಲ್ಲವೆಂದಳಂತೆ.

"ಈಗ ಇಲ್ಲ ಅಂದ್ರು. ಈಗ" ಎಂದಳು ಫಕ್ರಿಯಾ, ಎಲ್ಲರ ಮುಖವನ್ನೂ ಸುತ್ತಿ ನೋಡಿ. "ಆ ತೂತು ಕೊರೆಯೋವರೆಗೂ ಎಲ್ಲ ಸರಿಯಿತ್ತು. ರಾತ್ರಿಯೆಲ್ಲ ಹುಡುಗಿ ತಲೆ ಮೇಲೆ ಗಾಳಿ ಎಳೀತಿತ್ತು ಅದು. ಎಳ್ಕೊಂಡು ಹೋಯ್ತು."

ರಾಫಿದ್ ಹೆಂಡತಿಯ ಕಡೆ ತಿರುಗಿದ. ಹನೀನ್ ತಲೆ ತಗ್ಗಿಸಿ ಅಬಾಯಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮದುವೆ ಆದವಳಲ್ಲ, ಹೆತ್ತವಳಲ್ಲ" ಎಂದಳು ಫಕ್ರಿಯಾ. ಈ ಸಲ ಟೀಚರ್ ಎನ್ನಲಿಲ್ಲ. "ಬಸುರಿಗೆ ಏನು ಬೇಕು ಅಂತ ಹೇಳೋಕೆ ಬಂದ್ಲು." ಬಲ್ಕೀಸಳ ಕಡೆ ತಿರುಗಿದಳು. "ಹೇಳಿದ್ದು ನೀವೇ ಅಲ್ವಾ?"

ಒಲೆಯ ಮೇಲೆ ಚಹದ ನೀರು ಕುದಿಯುತ್ತಿತ್ತು. ಬಲ್ಕೀಸ್ ಉರಿ ತಗ್ಗಿಸಿದಳು.

"ಹೌದು" ಎಂದಳು. "ನಾನೇ ಹೇಳಿದ್ದು."

ಬೀಬಿ ಏನೋ ಹೇಳಹೊರಟು, ಮಂಜುಗಣ್ಣನ್ನು ಒಮ್ಮೆ ಮಗಳ ದನಿ ಬಂದ ಕಡೆಗೆ, ಒಮ್ಮೆ ಹನೀನಳ ಮೌನದ ಕಡೆಗೆ ತಿರುಗಿಸಿ, ಜಪಮಣಿ ಎತ್ತಿಕೊಂಡಳು.

ರಾಫಿದ್ ಮೇಲಿನ ಫ್ಯಾನನ್ನು ತಾನೇ ಬಿಚ್ಚಿದ. ತೂತಿಗೆ ಇಟ್ಟಿಗೆ ಚೂರು ತುಂಬಿ ಸಿಮೆಂಟು ಮೆತ್ತಿದ. ಅತ್ತೆಯೊಡನೆ ಮಾತು ನಿಲ್ಲಿಸಲಿಲ್ಲ. ಉಪ್ಪು ಕೊಡಿ, ಬಾಗಿಲು ಹಾಕಿ ಎನ್ನುವಷ್ಟು ಉಳಿಸಿಕೊಂಡ. ಹಸಿರು ತೊಟ್ಟಿಲು ಮೇಲೆ ಹುಡುಗಿಯ ಕಣ್ಣಿಗೆ ಬೀಳಬಾರದೆಂದು ಜಬ್ಬಾರ್ ಅದನ್ನು ಹೊತ್ತು ಕೆಳಗೆ ತಂದ. ಮೊದಲಿನಿಂದ ಇದ್ದ ಜಾಗವೇ ಅಲ್ಲವೇ ಎಂದ. ಮಂಚಕ್ಕೂ ಕುರ್ಚಿಗೂ ನಡುವೆ ಅದು ಸರಿಯಾಗಿ ಕೂತಿತು. ಬಿಚ್ಚಿದ ಫ್ಯಾನನ್ನು ಅದರೊಳಗಿಟ್ಟರು. ಬಲ್ಕೀಸ್ ಮಂಚಕ್ಕೆ ಹೋಗಬೇಕಾದರೆ ಅಡ್ಡವಾಗಿ ಸರಿಯಬೇಕಿತ್ತು.

ಹನೀನ್ ನಲವತ್ತು ದಿನ ಹಾಸಿಗೆಯಲ್ಲಿರಬೇಕು, ಮೆಟ್ಟಿಲಿಳಿಯಬಾರದು, ಗಾಳಿಗೆ ಮೈ ಒಡ್ಡಬಾರದು ಎಂದು ಫಕ್ರಿಯಾ ಕಟ್ಟುಮಾಡಿದಳು. ರಾಫಿದ್ ಪಾಳಿಗೆ ಹೋದ. ಮೇಲೆ ಹುಡುಗಿಗೆ ಮತ್ತೆ ತಲೆನೋವು ಬಂತು. ಈ ಸಲ ಎಲ್ಲರೂ ಅದನ್ನು ದುಃಖವೆಂದರು.

ರಾಫಿದ್ ಹೋದ ಕೆಲವೇ ದಿನಗಳಲ್ಲಿ, ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಗೊರಕೆ ಕೇಳತೊಡಗಿದ ಮೇಲೆ, ಅವಳು ಬರಿಗಾಲಲ್ಲಿ ಇಳಿದು ಬಂದಳು. ಆ ದಿನ ಸರ್ಕಾರದ ಕರೆಂಟು ಹೋಗಿರಲಿಲ್ಲ. ಬಲ್ಕೀಸ್ ತನ್ನ ಕೋಣೆಯಲ್ಲೇ ಇದ್ದಳು, ಏಸಿ ನಡೆಯುತ್ತಿತ್ತು. ಹನೀನ್ ಒಳಗೆ ಬಂದು ಬಾಗಿಲು ಮುಚ್ಚಿದಳು. ರಬ್ಬರ್ ಪಟ್ಟಿ ಹೊಸ್ತಿಲಿಗೆ ಉಜ್ಜಿ ಕೂತಿತು. ಕೂರಲು ಜಾಗ ಹುಡುಕಿ, ಕೊನೆಗೆ ಮಂಚದ ತುದಿಯಲ್ಲಿ ಮಂಡಿ ತೊಟ್ಟಿಲಿಗೆ ತಾಗಿಸಿಕೊಂಡು ಕೂತಳು.

ಕುರ್ಚಿಯ ಮೇಲೆ ಗಾಜಿನ ಬಟ್ಟಲಿತ್ತು.

"ಇದಾ ಆ ನೀರು?"

"ಹೂಂ."

"ಒಬ್ಬರಿದ್ರೆ ಎಷ್ಟು ಹೊತ್ತಿಗೆ ಕೆನೆ ಕಟ್ಟುತ್ತೆ?"

"ಚಹದ ಹೊತ್ತಿಗೆ."

"ಇಬ್ಬರಿದ್ರೆ?"

"ನೋಡೋಣ" ಎಂದಳು ಬಲ್ಕೀಸ್.

ನೋಡಿದರು. ಬಟ್ಟಲಿನ ಅಂಚಿನಿಂದ ಬಿಳುಪು ಸುತ್ತಲೂ ಕೂಡಿಕೊಳ್ಳುತ್ತ ನಡುವಿಗೆ ಬಂತು. ಹನೀನ್ ಉಗುರಿನಿಂದ ಅದನ್ನು ಮುಟ್ಟಿದಳು. ಪೊರೆ ಒಡೆದು ಚೂರುಗಳು ಮೆಲ್ಲಗೆ ತಳಕ್ಕಿಳಿದವು.

"ದೊಡ್ಡತ್ತೆ, ನಾನು ರಾಫಿದ್‌ಗೆ ನಿಜ..." ಎಂದಳು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಫಕ್ರಿಯಾಳ ಚಪ್ಪಲಿಯ ಸದ್ದಾಯಿತು. ಕೆಟಲು ಎತ್ತಿದ ಸದ್ದು, ನಲ್ಲಿ ತಿರುಗಿಸಿದ ಸದ್ದು. ಆಮೇಲೆ ಚಪ್ಪಲಿ ಮೊದಲನೇ ಮೆಟ್ಟಿಲಿಗೆ ಇಳಿಯಿತು.

ಬಲ್ಕೀಸ್ ತೊಟ್ಟಿಲ ಪಕ್ಕದಿಂದ ಅಡ್ಡವಾಗಿ ಸರಿದು ಹೋಗಿ, ಸದ್ದಾಗದಂತೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.